ಸಂದಿನ ಹನ್ನೊಂದು ಇಂಚು

ಬಾಡಿಗೆ ಮನೆಯ ಎರಡನೇ ಬೆಡ್‌ರೂಮ್ ನೋಡಿದ್ದೀರಲ್ಲ? ಮಂಚ ಹಾಕಿ, ಬೀರು ನಿಲ್ಲಿಸಿದ ಮೇಲೆ ಅಲ್ಲಿ ಉಳಿಯುವುದೆಲ್ಲ ಸಂದುಗಳೇ. ಬೀರು ಪಕ್ಕ ಮೂರು ಇಂಚು, ಮಂಚದ ಪಕ್ಕ ಒಂದಡಿ, ಬಾಗಿಲ ಹಿಂದೆ ಐದು ಇಂಚು. ಈ ಸಂದುಗಳಿಗೆ ಏನು ಸೇರುತ್ತೆ ಅಂತ ಎಲ್ಲರಿಗೂ ಗೊತ್ತು: ಒಂಟಿ ಕಾಲುಚೀಲ, ಚಾರ್ಜರ್, ಮಡಚಿದ ರಟ್ಟಿನ ಪೆಟ್ಟಿಗೆ, ಧೂಳು. ಕಳೆದ ಸಲ ಸಿಂಕ್ ಕೆಳಗಿನ ಜಾಗದ ಬಗ್ಗೆ ಬರೆದಾಗ ಕೆಲವರು ಕೇಳಿದ್ದರು, ಮಲಗೋ ಕೋಣೆಗೂ ಏನಾದ್ರೂ ಹೇಳಿ ಅಂತ. ಈ ಸಲ ಅದೇ. ಆದರೆ ಮೊದಲೇ ಹೇಳಿಬಿಡುತ್ತೇನೆ, ನಾನು ಶೆಲ್ಫು ಮಾಡಿದ್ದು ಕೋಣೆ ಚೆಂದ ಕಾಣಲಿ ಅಂತಲ್ಲ.

ನಮ್ಮ ಆ ಕೋಣೆಯಲ್ಲಿ ಈಗ ಅಮ್ಮ ಇರುತ್ತಾರೆ. ಅಪ್ಪ ಹೋಗಿ ಎರಡು ವರ್ಷ ಆಯ್ತು. ತಿಪಟೂರಿನ ಮನೆಯಲ್ಲಿ ಒಬ್ಬರೇ ಇರೋದು ಬೇಡ ಅಂತ ನಾನೂ ನನ್ನ ಗಂಡನೂ ಹೇಳಿ ಹೇಳಿ, ಕೊನೆಗೆ ಸಂಕ್ರಾಂತಿ ಕಳೆದ ಮೇಲೆ ಬಂದರು. ಬಂದು ಐದು ತಿಂಗಳಾದರೂ ಅವರ ಸಾಮಾನು ಮಾತ್ರ ಬ್ಯಾಗಿನಲ್ಲೇ ಇತ್ತು. ಸೀರೆ, ಬಿಪಿ ಮಾತ್ರೆ, ಕನ್ನಡಕದ ಡಬ್ಬಿ, ಜಪಮಣಿ, ಹೂಬತ್ತಿ ಮಾಡೋ ಹತ್ತಿ, ಎಲ್ಲ ಒಂದೇ ನೀಲಿ ಬ್ಯಾಗಿನಲ್ಲಿ. ಆ ಬ್ಯಾಗು ಮಂಚದ ಪಕ್ಕ, ನೆಲದ ಮೇಲೆ. ಬೀರುವಿನಲ್ಲಿ ಎರಡು ಖಾನೆ ಖಾಲಿ ಮಾಡಿಕೊಟ್ಟೆ. ‘ಇರ್ಲಿ ಬಿಡೇ, ನಾನೇನ್ ಇಲ್ಲೇ ಗೂಟ ಹೊಡ್ಕೊಂಡು ಕೂರ್ತೀನಾ’ ಅಂದರು.

ಮಗನ ಮನೆ ಆಗಿದ್ದರೆ ಹೀಗೆ ಅನ್ನುತ್ತಿರಲಿಲ್ಲ ಅಂತ ನನಗೆ ಗೊತ್ತು. ಮಗಳ ಮನೆ, ಅಳಿಯನ ಮನೆ. ಅಲ್ಲಿ ಬೀರು ತೆಗೆದು ಸೀರೆ ಜೋಡಿಸಿಟ್ಟರೆ ಬೇರು ಬಿಟ್ಟ ಹಾಗೆ ಅಂತ ಅವರ ಲೆಕ್ಕ. ಈ ಲೆಕ್ಕದ ಜೊತೆ ವಾದ ಮಾಡಿ ಗೆದ್ದವರನ್ನು ನಾನಂತೂ ನೋಡಿಲ್ಲ. ನನ್ನ ಗಂಡ ‘ಅತ್ತೆ, ಇದು ನಿಮ್ಮನೆ ಅಂದ್ಕೊಳ್ಳಿ’ ಅಂತ ಎಷ್ಟು ಸಲ ಹೇಳಿದನೋ ಅಷ್ಟು ಸಲ ಅಮ್ಮ ಇನ್ನೂ ಸ್ವಲ್ಪ ಮುದುಡಿಕೊಂಡರು.

ನನಗೆ ಹೆಚ್ಚು ಚಿಂತೆ ಇದ್ದದ್ದು ರಾತ್ರಿಯದ್ದು. ಎರಡು ಗಂಟೆಗೆ ಎಚ್ಚರ ಆದರೆ ನೀರಿನ ಬಾಟಲಿಗೆ, ಕನ್ನಡಕಕ್ಕೆ, ಟಾರ್ಚಿಗೆ ಅವರು ಮಂಚದಿಂದ ಬಗ್ಗಿ ನೆಲದ ಬ್ಯಾಗಿಗೆ ಕೈ ಹಾಕಬೇಕು. ಅರವತ್ತನಾಲ್ಕು ವಯಸ್ಸು, ಬಿಪಿ, ತಲೆ ಕೆಳಗೆ ಮಾಡಿ ಎದ್ದರೆ ಕಣ್ಣು ಕತ್ತಲೆ. ಮೇಲೆ ಅದೇ ಬ್ಯಾಗು ಕಾಲಿಗೆ ತೊಡರುತ್ತೆ. ಬೆಡ್‌ಸೈಡ್ ಟೇಬಲ್ ತರೋಣ ಅಂದರೆ ಜಾಗ ಇಲ್ಲ.

ಜಾಗ ಎಷ್ಟಿದೆ ಅಂತ ಟೇಪು ಹಿಡಿದು ಅಳೆದೆ. ಮಂಚದ ತಲೆದಿಕ್ಕಿನ ಗೋಡೆ 117 ಇಂಚು, ಅಂದರೆ 9 ಅಡಿ 9 ಇಂಚು. ಪ್ಲ್ಯಾನಿನಲ್ಲಿ ಹತ್ತು ಅಡಿ ಅಂತ ಬರೆದಿರುತ್ತಾರೆ, ಉಳಿದದ್ದನ್ನು ಗಾರೆ ತಿಂದಿರುತ್ತೆ. ಮೂಲೆಯಿಂದ ಮೂರು ಇಂಚು ಬಿಟ್ಟು ಬೀರು, 36 ಇಂಚು. ಆಮೇಲೆ 11 ಇಂಚು ಸಂದು. ಆಮೇಲೆ ನಾಲ್ಕು ಅಡಿಯ ಮರದ ಮಂಚ. ಉಳಿದ 19 ಇಂಚು ಅಮ್ಮ ಇಳಿದು ಓಡಾಡೋ ದಾರಿ. ಬೀರುವಿಗೂ ಮಂಚಕ್ಕೂ ನಡುವೆ ಆ 11 ಇಂಚು ಯಾಕೆ ಬಿಟ್ಟಿದ್ದು ಅಂದರೆ, ಬೀರು ಬಾಗಿಲು ಪೂರ್ತಿ ತೆಗೆಯಬೇಕಲ್ಲ. ಮಂಚವನ್ನು ಬೀರುವಿಗೆ ಅಂಟಿಸಿದರೆ ಬಾಗಿಲು ನೇರಕ್ಕೆ ನಿಂತುಬಿಡುತ್ತೆ, ಒಳಗೆ ಕೈ ಹಾಕಿದರೆ ಮೊಣಕೈಗೆ ಬಡಿಯುತ್ತೆ.

ಅಂಗಡಿಯಲ್ಲಿ ಸಿಗೋದನ್ನು ನೋಡಿದೆ. ನಾಗಸಂದ್ರದ ಐಕಿಯಾದಲ್ಲಿರುವ ಬಿಲ್ಲಿ ಶೆಲ್ಫಿನ ಕಿರಿಯ ಅಳತೆಯೇ 40 ಸೆಂಟಿಮೀಟರ್ ಅಗಲ, ಹತ್ತಿರ ಹತ್ತಿರ 16 ಇಂಚು. ಆನ್‌ಲೈನಿನಲ್ಲಿ ಕಿರಿದಾದ ಪ್ಲಾಸ್ಟಿಕ್ ರ‍್ಯಾಕುಗಳಿವೆ, ಚಕ್ರ ಇರುವಂಥವು. ಅಡುಗೆಮನೆಗೆ ಪರವಾಗಿಲ್ಲ. ಮಲಗಿದವರು ಕತ್ತಲೆಯಲ್ಲಿ ಕೈ ಇಟ್ಟಾಗ ಉರುಳಿ ಹೋಗೋ ವಸ್ತು ಮಂಚದ ಪಕ್ಕ ಬೇಡ. ಕಾರ್ಪೆಂಟರ್ ಒಬ್ಬರಿಗೆ ಫೋನ್ ಮಾಡಿದೆ. ‘ಇಷ್ಟ್ ಚಿಕ್ಕ ಕೆಲ್ಸಕ್ಕೆ ಬರೋಕಾಗಲ್ಲ ಮೇಡಂ, ಪೂರ್ತಿ ವಾರ್ಡ್‌ರೋಬ್ ಇದ್ರೆ ಹೇಳಿ.’ ಅವರದ್ದೂ ತಪ್ಪಲ್ಲ, ಅರ್ಧ ದಿನ ಟ್ರಾಫಿಕ್ಕಿನಲ್ಲೇ ಹೋಗುತ್ತೆ.

ಸರಿ, ನಾನೇ ಮಾಡೋದು ಅಂತಾಯ್ತು. ಇಂಥ ಕೆಲಸಕ್ಕೆ ಕೈ ಹಾಕೋರು ಸಾಮಾನ್ಯವಾಗಿ ಸಂದು ಅಳೆದು, ಎದುರಿನಿಂದ ತೆರೆದಿರೋ ಉದ್ದನೆಯ ಒಂದು ಡಬ್ಬ ಮಾಡಿ ತುರುಕುತ್ತಾರೆ. ಬೀರು ಮತ್ತು ಗೋಡೆ ನಡುವಿನ ಸಂದಿಗೆ ಅದು ಸರಿ, ಅಲ್ಲಿ ನಾವು ಎದುರು ನಿಂತೇ ತೆಗೆಯೋದು. ಮಂಚದ ಪಕ್ಕದ ಸಂದಿನಲ್ಲಿ ಕೈ ಎದುರಿನಿಂದ ಬರಲ್ಲ. ಮಲಗಿದವರ ಕೈ ಪಕ್ಕದಿಂದ ಬರುತ್ತೆ. ಪಕ್ಕದ ಹಲಗೆ ಮುಚ್ಚಿದ್ದರೆ ಎದ್ದು ಕೂತು, ಮುಂದಕ್ಕೆ ಬಗ್ಗಿ, ತಿರುಗಿಸಿ ಕೈ ಹಾಕಬೇಕು. ಅದಕ್ಕಿಂತ ನೆಲದ ಬ್ಯಾಗೇ ವಾಸಿ.

ಹಾಗಾಗಿ ಮೊದಲು ಪೇಪರು ಪೆನ್ಸಿಲ್ ತೆಗೆಯಲಿಲ್ಲ. ಅಮ್ಮನಿಗೆ ಮಲಗೋಕೆ ಹೇಳಿದೆ. ಕಣ್ಣು ಮುಚ್ಚಿ, ಎಡಗೈ ಹೇಗೆ ಸಲೀಸೋ ಹಾಗೆ ಚಾಚಿ ಅಂದೆ. ‘ಏನೇ ಇದು ಡಾಕ್ಟ್ರ ಥರ’ ಅಂದರೂ ಚಾಚಿದರು. ಬೀರುವಿನ ಪಕ್ಕಕ್ಕೆ ಅವರ ಬೆರಳು ತಾಗಿದ ಕಡೆ ಮಾಸ್ಕಿಂಗ್ ಟೇಪ್ ಅಂಟಿಸಿದೆ. ಮೂರು ಸಲ ಮಾಡಿಸಿದೆ. ಮೂರೂ ಸಲ ನೆಲದಿಂದ 22 ಇಂಚಿನ ಆಸುಪಾಸು, ಹಾಸಿಗೆಗಿಂತ ಎರಡು ಇಂಚು ಮೇಲೆ. ಆಫೀಸಿನಲ್ಲಿ ಇದಕ್ಕೆ ಯೂಸರ್ ಟೆಸ್ಟಿಂಗ್ ಅಂತ ದೊಡ್ಡ ಹೆಸರು, ಎರಡು ವಾರದ ಮೀಟಿಂಗು. ಇಲ್ಲಿ ಐದು ನಿಮಿಷ ಹಿಡಿಯಿತು. ನೀವು ಯಾರಿಗಾದರೂ ಮಂಚದ ಪಕ್ಕ ಶೆಲ್ಫು ಮಾಡೋದಾದರೆ ಬೇರೆ ಯಾವುದನ್ನು ಬಿಟ್ಟರೂ ಇದನ್ನು ಬಿಡಬೇಡಿ. ನಿಂತು ಅಂದಾಜು ಮಾಡಿದ ಎತ್ತರಕ್ಕೂ ಮಲಗಿ ಚಾಚಿದ ಎತ್ತರಕ್ಕೂ ಅರ್ಧ ಅಡಿ ವ್ಯತ್ಯಾಸ ಸುಲಭವಾಗಿ ಬರುತ್ತೆ.

ಅಮ್ಮ ಎದ್ದು ಕೂತು ಆ ಟೇಪನ್ನೇ ನೋಡುತ್ತಾ, ‘ನಮ್ಮನೇಲಿ ಇಲ್ಲೇ ಅಲ್ವಾ ಗೂಡಿದ್ದದ್ದು’ ಅಂದರು. ಊರಿನ ಹಳೇ ಮನೆಯ ಮಣ್ಣಿನ ಗೋಡೆ ಒಂದೂವರೆ ಅಡಿ ದಪ್ಪ. ತಲೆದಿಂಬಿನ ಹತ್ತಿರ ಗೋಡೆಯಲ್ಲೇ ಒಂದು ಗೂಡು, ಅದರಲ್ಲಿ ದೀಪ, ಬೆಂಕಿಪೊಟ್ಟಣ, ಅಜ್ಜಿಯ ಎಲೆ ಅಡಿಕೆ ಚೀಲ. ಆ ಕಾಲದ ಮನೆಗಳಲ್ಲಿ ಸಾಮಾನು ಇಡೋ ವ್ಯವಸ್ಥೆಯೆಲ್ಲ ಗೋಡೆ ಮತ್ತು ಮಾಡಿಗೇ ಸೇರಿತ್ತು: ಗೂಡು, ಗಿಳಿಗೂಟ, ನಾಗಂದಿಗೆ, ನೆಲುವು. ನೆಲ ಪೂರ್ತಿ ಮನುಷ್ಯರಿಗೆ. ಈಗಿನ ಒಳಗೋಡೆ ನಾಲ್ಕು ಇಂಚಿನ ಬ್ಲಾಕು. ಅದರಲ್ಲಿ ಗೂಡು ಕೊರೆದರೆ ಪಕ್ಕದ ಕೋಣೆಗೆ ಹೋಗಿಬಿಡುತ್ತೆ. ಮೊಳೆ ಹೊಡೆಯೋಣ ಅಂದರೆ ಓನರ್. ಮನೆ ಬಿಡುವಾಗ ಪೇಂಟಿಂಗ್ ಅಂತ ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಹೇಗೂ ಹಿಡಿದುಕೊಳ್ಳುತ್ತಾರೆ, ಗೋಡೆಯಲ್ಲಿ ತೂತು ಕಂಡರೆ ಅದಕ್ಕೆ ಬೇರೆ ಲೆಕ್ಕ. ಆದ್ದರಿಂದ ನಮ್ಮ ಶೆಲ್ಫು ಗೋಡೆ ಮುಟ್ಟದೆ ತನ್ನ ಕಾಲ ಮೇಲೆ ತಾನು ನಿಲ್ಲಬೇಕು.

ಈಗ ಅಳತೆ. ಸಂದು ಅಳೆಯುವಾಗ ಒಂದೇ ಕಡೆ ಅಳೆದು ಬರಬೇಡಿ. ಕೆಳಗೆ, ನಡುವೆ, ಮೇಲೆ, ಪ್ರತಿ ಎತ್ತರದಲ್ಲೂ ಹಿಂದೆ ಮತ್ತು ಮುಂದೆ, ಒಟ್ಟು ಆರು ಅಳತೆ. ಅದರಲ್ಲಿ ಅತಿ ಕಮ್ಮಿ ಯಾವುದೋ ಅದೇ ನಿಮ್ಮ ಸಂದು. ಗೋಡೆ ಪಕ್ಕದ ಸಂದಾದರೆ ಗಾರೆಯ ಉಬ್ಬು ತಗ್ಗಿನಿಂದ ಕಾಲಿಂಚು, ಅರ್ಧ ಇಂಚು ವ್ಯತ್ಯಾಸ ಮಾಮೂಲು. ಆಮೇಲೆ ಸ್ಕರ್ಟಿಂಗ್ ಟೈಲ್ಸ್ ಮರೆಯಬೇಡಿ. ನೆಲದಿಂದ ನಾಲ್ಕು ಇಂಚಿನ ತನಕ ಅದು ಗೋಡೆಯಿಂದ ಅರ್ಧ ಇಂಚು ಮುಂದೆ ಬಂದಿರುತ್ತೆ. ಶೆಲ್ಫಿನ ಹಿಂಬದಿಯ ಕೆಳಮೂಲೆಯನ್ನು ಅಷ್ಟು ಕತ್ತರಿಸಬಹುದು. ನಾನು ಕತ್ತರಿಸಲಿಲ್ಲ, ಅರ್ಧ ಇಂಚು ಮುಂದೆಯೇ ನಿಲ್ಲಿಸಿದೆ. ಮಳೆಗಾಲದಲ್ಲಿ ಹೊರಗೋಡೆ ತಂಪು ಹಿಡಿದಾಗ ಪ್ಲೈವುಡ್ ಅದಕ್ಕೆ ಅಂಟಿಕೊಂಡಿದ್ದರೆ ಬೂಷ್ಟು ಬರುತ್ತೆ, ಗಾಳಿ ಆಡೋಕೆ ಆ ಅರ್ಧ ಇಂಚು ಬೇಕೇ ಬೇಕು.

ನನ್ನ ಶೆಲ್ಫಿನ ಹೊರ ಅಳತೆ: ಅಗಲ 10.5 ಇಂಚು, ಆಳ 16, ಎತ್ತರ 60. ಬೀರು 19 ಇಂಚು ಆಳ ಇರೋದರಿಂದ ಶೆಲ್ಫು ಅದಕ್ಕಿಂತ ಹಿಂದೆಯೇ ನಿಲ್ಲುತ್ತೆ, ಬಾಗಿಲು ಮೊದಲಿನಷ್ಟೇ ತೆರೆಯುತ್ತೆ. ಬೀರು ಕಡೆಗೆ ಪೂರ್ತಿ ಹಲಗೆ, ಹಿಂದೆ ಪೂರ್ತಿ ಹಲಗೆ. ಮಂಚದ ಕಡೆ ಮಾತ್ರ ಹಲಗೆ 20.5 ಇಂಚಿಗೇ ನಿಲ್ಲುತ್ತೆ. ಅದರ ಮೇಲೆ ಆ ಕಡೆ ಪೂರ್ತಿ ಖಾಲಿ, ಕೈ ಬರೋ ದಾರಿ. ಮೇಲಿನ ಖಾನೆಗಳಿಗೆ ಆಧಾರ ಬೇಕಲ್ಲ, ಅದಕ್ಕೆ ಮುಂದಿನ ಮೂಲೆಯಲ್ಲಿ ಒಂದೂವರೆ ಇಂಚಿನ ಮರದ ಪಟ್ಟಿ ಒಂದು ಕಂಬದ ಹಾಗೆ.

ಪ್ಲೈವುಡ್ ತರೋಕೆ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್ ಕಡೆ ಹೋದೆ. ‘ಸಾರ್ ಬಂದಿಲ್ವಾ ಮೇಡಂ?’ ಅಂತ ಅಂಗಡಿಯವರು ನನ್ನ ಹಿಂದೆ ಇಣುಕಿದರು. ಸಾರ್ ಮನೆಯಲ್ಲಿ ಮಗಳಿಗೆ ತಲೆ ಬಾಚುತ್ತಿದ್ದಾರೆ ಅಂದೆ. ಆಮೇಲೆ ಚೀಟಿ ಕೊಟ್ಟ ಮೇಲೆ ಮಾತು ಸಲೀಸಾಯ್ತು. ಪೂರ್ತಿ ಶೀಟು ಎಂಟು ಅಡಿ ನಾಲ್ಕು ಅಡಿ ಬರುತ್ತೆ, ನನಗೆ ಬೇಕಾದ್ದು ಹದಿನೆಂಟು ಹತ್ತೊಂಬತ್ತು ಚದರಡಿ. ಇಂಥ ಕಡೆ ಬೇರೆ ಕೆಲಸದಲ್ಲಿ ಉಳಿದ ತುಂಡುಗಳು ಇರುತ್ತವೆ, ಕೇಳಿ. ಕಟಿಂಗ್ ಕೂಡ ಅಲ್ಲೇ ಮೆಷಿನ್ನಿನಲ್ಲಿ ಮಾಡಿಸಿಬಿಡಿ. ಕೈಗರಗಸದಲ್ಲಿ ಐದು ಅಡಿ ನೇರಕ್ಕೆ ಕೊಯ್ಯೋದು ನಮ್ಮಂಥ ಕೀಬೋರ್ಡ್ ಕೈಗಳಿಗೆ ಆಗೋ ಕೆಲಸವಲ್ಲ. ಕಟಿಂಗ್ ಮಾಡೋ ಹುಡುಗನ ಲೆಕ್ಕ ‘ಸೂತ್’ನಲ್ಲಿ. ಎಂಟು ಸೂತ್ ಅಂದರೆ ಒಂದು ಇಂಚು. ಹತ್ತೂವರೆ ಅನ್ನೋ ಬದಲು ‘ಹತ್ತು ಇಂಚು ನಾಲ್ಕು ಸೂತ್’ ಅಂದರೆ ಅವನಿಗೆ ಪಟ್ಟನೆ ಅರ್ಥ ಆಗುತ್ತೆ.

ಪ್ಲೈ ಯಾವುದು? ಸೀಲು ನೋಡಿ. ಐಎಸ್ 303 ಅಂತಿದ್ದರೆ ಒಳಾಂಗಣಕ್ಕೆ ಬಳಸೋ ಮಾಮೂಲು ಪ್ಲೈ, ಐಎಸ್ 710 ಅಂತಿದ್ದರೆ ನೀರು ತಡೆಯೋ ಮರೈನ್ ಪ್ಲೈ. ಬೆಡ್‌ರೂಮಿಗೆ 303 ಸಾಕು ಅಂತ ಅಂಗಡಿಯವರೂ ಹೇಳಿದರು, ಲೆಕ್ಕಕ್ಕೆ ಸರಿಯೇ. ಆದರೆ ನಮ್ಮ ಮನೆಯಲ್ಲಿ ದಿನಾ ನೆಲ ಒರೆಸುತ್ತಾರೆ, ಶೆಲ್ಫಿನ ಮೇಲೆ ನೀರಿನ ಬಾಟಲಿ ಇರುತ್ತೆ. ನಾನು 710 ತಗೊಂಡೆ. ಎಂಡಿಎಫ್ ಅಗ್ಗ, ನುಣುಪು, ಆದರೆ ಒಮ್ಮೆ ನೀರು ಕುಡಿದರೆ ಉಬ್ಬಿ ಮತ್ತೆ ಸರಿಹೋಗಲ್ಲ.

ದಪ್ಪ 12 ಎಂಎಂ. ಇದು ಸಾಕಾ ಅಂತ ಎಲ್ಲರೂ ಕೇಳೋ ಪ್ರಶ್ನೆ, ವಾರ್ಡ್‌ರೋಬಿಗೆ 18 ಹಾಕೋದನ್ನು ನೋಡಿರುತ್ತೀವಲ್ಲ. ಇಲ್ಲೇ ಕಿರಿದಾದ ಸಂದಿನ ಲಾಭ ಇರೋದು. ಹಲಗೆಯ ಮೇಲೆ ಅದೇ ತೂಕ ಇಟ್ಟು ಉದ್ದವನ್ನು ಎರಡು ಪಟ್ಟು ಮಾಡಿದರೆ ಅದು ಬಾಗೋದು ಎರಡು ಪಟ್ಟಲ್ಲ, ಎಂಟು ಪಟ್ಟು. ಇಂಜಿನಿಯರಿಂಗ್ ಎರಡನೇ ವರ್ಷ ಓದಿ, ಪರೀಕ್ಷೆ ಮುಗಿದ ದಿನವೇ ಮರೆತದ್ದು ಈ ಶೆಲ್ಫಿನ ದೆಸೆಯಿಂದ ನೆನಪಾಯ್ತು. ಅದನ್ನೇ ತಿರುಗಿಸಿ ನೋಡಿದರೆ, ಮೂರು ಅಡಿಯ ಹಲಗೆ ಮಧ್ಯದಲ್ಲಿ ಜೋಲುವ ತೂಕಕ್ಕೆ ಹತ್ತು ಇಂಚಿನ ಹಲಗೆ ಅಲ್ಲಾಡೋದೂ ಇಲ್ಲ. 18 ಎಂಎಂ ಹಾಕಿದರೆ ತೂಕ ಜಾಸ್ತಿ, ದುಡ್ಡು ಜಾಸ್ತಿ. ಕಿರಿದಾದ ಜಾಗದಲ್ಲಿ ಎರಡು ಪಕ್ಕದ ದಪ್ಪ ಸೇರಿ ಅರ್ಧ ಇಂಚು ಹಲಗೆಗೇ ಹೋಗುತ್ತೆ.

12 ಎಂಎಂನ ತೊಂದರೆ ಒಂದೇ. ಅದರ ಅಂಚಿಗೆ ಸ್ಕ್ರೂ ಹಾಕಿದರೆ ಪದರ ಬಿಟ್ಟುಕೊಳ್ಳುತ್ತೆ. ಅದಕ್ಕೆ ನಾನು ಅಂಚಿಗೆ ಸ್ಕ್ರೂ ಹಾಕಲೇ ಇಲ್ಲ. ಪ್ರತಿ ಖಾನೆಯ ಕೆಳಗೂ ಮುಕ್ಕಾಲು ಇಂಚು ದಪ್ಪದ ಮರದ ಪಟ್ಟಿ ಕೊಟ್ಟು, ಹಲಗೆಯ ಮುಖದಿಂದ ಪಟ್ಟಿಗೆ 25 ಎಂಎಂ ಸ್ಕ್ರೂ. 12 ಹಲಗೆ ದಾಟಿ 13 ಪಟ್ಟಿಯೊಳಗೆ ಹೋಗುತ್ತೆ, ಆಚೆ ಬರಲ್ಲ. ಮೂಲೆಗಳಲ್ಲೂ ಉದ್ದಕ್ಕೆ ಅಂಥದ್ದೇ ಪಟ್ಟಿ. ಮೊದಲು ಸಣ್ಣ ಬಿಟ್ಟಿನಲ್ಲಿ ತೂತು, ಆಮೇಲೆ ಫೆವಿಕಾಲ್, ಆಮೇಲೆ ಸ್ಕ್ರೂ. ಒಂದು ರಾತ್ರಿ ಒಣಗೋಕೆ ಬಿಡಿ. ಅಂಟಿಸೋಕೆ ಮುಂಚೆ ಮೂಲೆ ನೇರ ಇದೆಯಾ ಅಂತ ನೋಡಬೇಕು. ಮೂಲೆಯಿಂದ ಒಂದು ಕಡೆ 6 ಇಂಚು, ಇನ್ನೊಂದು ಕಡೆ 8 ಇಂಚು ಗುರುತು ಹಾಕಿ, ಗುರುತಿನಿಂದ ಗುರುತಿಗೆ ಸರಿಯಾಗಿ 10 ಬಂದರೆ ಮೂಲೆ ನೇರ. ಬೌಧಾಯನನ ಶುಲ್ಬ ಸೂತ್ರದ ಕಾಲದಿಂದ ನಮ್ಮವರಿಗೆ ಗೊತ್ತಿರೋ ಲೆಕ್ಕ.

ದಿಂಬಿನ ಹತ್ತಿರ ಬರೋ ಮೂಲೆಗಳನ್ನು ಗುಂಡಗೆ ಮಾಡಲೇಬೇಕು. ಹತ್ತು ರೂಪಾಯಿ ನಾಣ್ಯ ಇಟ್ಟು ಗೆರೆ ಎಳೆದೆ, ಅರದಿಂದ ಉಜ್ಜಿದೆ, ಆಮೇಲೆ ಸ್ಯಾಂಡ್‌ಪೇಪರ್. ನಿದ್ದೆಗಣ್ಣಲ್ಲಿ ಹೊರಳಿದಾಗ ಹಣೆಗೆ ತಾಗೋದು ಅದೇ ಮೂಲೆ. 22 ಇಂಚಿನ ಖಾನೆಗೆ ಮುಂದುಗಡೆ ಒಂದು ಇಂಚಿನ ತಡೆ, ಮಂಚದ ಕಡೆ ಮಾತ್ರ ಅರ್ಧ ಇಂಚು. ಮಾತ್ರೆ ಪಟ್ಟಿ ಜಾರಿ ಬೀಳಬಾರದು, ಕೈಯೂ ಎಡವಬಾರದು. ಅಡಿಯಲ್ಲಿ ಒಂದು ಇಂಚಿನ ರಬ್ಬರ್ ಬುಷ್ ನಾಲ್ಕು, ಒರೆಸೋ ನೀರು ಪ್ಲೈಗೆ ತಾಗದ ಹಾಗೆ. ಪ್ರೈಮರ್, ಪೇಂಟ್ ಎಲ್ಲ ಆದ ಮೇಲೆ ಐದು ದಿನ ಬಾಲ್ಕನಿಯಲ್ಲಿ ಗಾಳಿಗೆ ಬಿಟ್ಟೆ. ಪ್ಲೈ ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಇರುತ್ತೆ, ಪೇಂಟಿನ ವಾಸನೆ ಬೇರೆ. ತಲೆ ಪಕ್ಕದಲ್ಲಿಡೋ ವಸ್ತುವಿಗೆ ಆತುರ ಬೇಡ.

ಇಲ್ಲಿಂದ ಮುಂದಿನದನ್ನು ದಯವಿಟ್ಟು ಓಡಿಸಿಕೊಂಡು ಓದಬೇಡಿ. ಎತ್ತರದ ಶೆಲ್ಫು ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅಪಾಯ. 2016ರಲ್ಲಿ ಅಮೆರಿಕದಲ್ಲಿ ಐಕಿಯಾ ಸುಮಾರು 2.9 ಕೋಟಿ ಡ್ರಾಯರ್ ಕಪಾಟುಗಳನ್ನು ಹಿಂದಕ್ಕೆ ಕರೆಸಿಕೊಂಡಿತು, ಗೋಡೆಗೆ ಬಿಗಿಯದ ಕಪಾಟು ಮುಂದಕ್ಕೆ ಬಿದ್ದು ಮಕ್ಕಳು ಸತ್ತಿದ್ದರು. ನಮ್ಮ ಪುಟ್ಟಿಗೆ ಮೂರು ವರ್ಷ, 14 ಕೆಜಿ. ಅವಳ ಕಣ್ಣಿಗೆ ಖಾನೆ ಇರೋದೆಲ್ಲ ಏಣಿಯೇ. ನನ್ನ ಖಾಲಿ ಶೆಲ್ಫು ಹೆಚ್ಚುಕಮ್ಮಿ 13 ಕೆಜಿ, ಅದರ ಭಾರ ಮುಂದಿನ ಅಂಚಿನಿಂದ ಎಂಟು ಇಂಚು ಹಿಂದೆ ಇದೆ. ಮಗು ಖಾನೆ ಹಿಡಿದು ಎಂಟು ಇಂಚು ಮುಂದಕ್ಕೆ ಜೋತುಬಿದ್ದರೆ? ಏತದ ಹಲಗೆ ಲೆಕ್ಕವೇ. ಆ ಕಡೆ 13ಕ್ಕೆ ಎಂಟು, ಈ ಕಡೆ 14ಕ್ಕೆ ಎಂಟು. ಶೆಲ್ಫು ಮಗುವಿನ ಮೇಲೆ ಬರುತ್ತೆ. ಸಂದಿನಲ್ಲಿದ್ದರೆ ಎಡಬಲಕ್ಕೆ ಬೀಳಲ್ಲ, ಮುಂದಕ್ಕೆ ಬೀಳೋದನ್ನು ಯಾವ ಸಂದೂ ತಡೆಯಲ್ಲ. ಭಾರದ ಸಾಮಾನು ಕೆಳಗಿಡೋದು ಒಳ್ಳೇದೇ, ಅದನ್ನೇ ನಂಬಿ ಕೂರೋಕಾಗಲ್ಲ.

ಗೋಡೆಗೆ ಡ್ರಿಲ್ ಮಾಡೋ ಹಾಗಿಲ್ಲ. ಬೀರುವಿಗೆ ಎರಡು ಬೋಲ್ಟ್ ಹಾಕೋಣ ಅಂತ ನಾನು ಅಂದೆ. ಅಮ್ಮ ಆ ತನಕ ನನ್ನ ಕೆಲಸದಲ್ಲಿ ಬಾಯಿ ಹಾಕಿರಲಿಲ್ಲ. ‘ನಿಮ್ಮಪ್ಪ ಮದುವೇಲಿ ಕೊಡಿಸಿದ್ ಬೀರು ಕಣೇ ಅದು. ತೂತು ಗೀತು ಮಾಡಿದ್ರೆ ನೋಡು’ ಅಂದರು. ಈ ಮನೆಗೆ ಬಂದ ಮೇಲೆ ಒಂದು ವಸ್ತುವಿನ ಬಗ್ಗೆ ಅವರು ಹೀಗೆ ಅಧಿಕಾರದಿಂದ ಮಾತಾಡಿದ್ದು ಅದೇ ಮೊದಲು. ನನ್ನ ಗಂಡ ಮೊಬೈಲಿನಿಂದ ತಲೆ ಎತ್ತಿ ನನ್ನನ್ನು ನೋಡಿದ. ನಾನು ಡ್ರಿಲ್ ಕೆಳಗಿಟ್ಟೆ.

ಉಳಿದದ್ದು ಮಂಚ. ಯೋಚಿಸಿದರೆ ಅದೇ ಸರಿಯಾದ ಜಾಗ. ಶೆಲ್ಫು ಮುಂದಕ್ಕೆ ಬೀಳಬೇಕಾದರೆ ಅದರ ಹಿಂದಿನ ಬುಡ ನೆಲದಿಂದ ಮೇಲೆ ಏಳಬೇಕು. ಬುಡವನ್ನು ಏಳದ ಹಾಗೆ ಹಿಡಿದರೆ ಸಾಕು. ಮಂಚದ ಕಡೆಯ ಗಿಡ್ಡ ಹಲಗೆಯನ್ನು ಮಂಚದ ತಲೆದಿಕ್ಕಿನ ಕಾಲಿಗೆ ಎರಡು 8 ಎಂಎಂ ಬೋಲ್ಟು, ದೊಡ್ಡ ವಾಷರು ಹಾಕಿ ಬಿಗಿದೆ. ಐದು ಅಡಿ ಎತ್ತರದಲ್ಲಿ ಗೋಡೆಗೆ ಕಟ್ಟಿದ್ದರೆ ಕಮ್ಮಿ ಬಲ ಸಾಕಾಗುತ್ತಿತ್ತು. ಬುಡದಲ್ಲಿ ಹಿಡಿಯೋಕೆ ಅದರ ಸುಮಾರು ನಾಲ್ಕು ಪಟ್ಟು ಬೇಕು. ಮರದ ಮಂಚ, ಹಾಸಿಗೆಯ ತೂಕಕ್ಕೆ ಅದು ಲೆಕ್ಕಕ್ಕಿಲ್ಲ, ಅಮ್ಮ ಮಲಗಿದ್ದರೆ ಇನ್ನೂ ಗಟ್ಟಿ. ಕಟ್ಟಿದ ಮೇಲೆ ನಾನೇ ಮೇಲಿನ ಖಾನೆ ಹಿಡಿದು ಜೋರಾಗಿ ಎಳೆದು ನೋಡಿದೆ. ಶೆಲ್ಫು ಏಳಲಿಲ್ಲ. ಮನೆ ಖಾಲಿ ಮಾಡೋ ದಿನ ಎರಡು ನಟ್ಟು ಬಿಚ್ಚಿದರೆ ಆಯ್ತು, ಗೋಡೆ ಹಾಗೇ ಇರುತ್ತೆ. ನಿಮ್ಮದು ಕಬ್ಬಿಣದ ಮಂಚ ಆದರೆ ಪೈಪು ಕ್ಲ್ಯಾಂಪು ಹಾಕಿ. ತಗ್ಗಿನ ದಿವಾನ್ ಆದರೆ, ಓನರ್ ಜೊತೆ ಮಾತಾಡಿ ಗೋಡೆಗೆ ಒಂದೇ ಒಂದು ತೂತಿಗೆ ಒಪ್ಪಿಗೆ ತಗೊಳ್ಳೋದೇ ವಾಸಿ. ಮಕ್ಕಳಿರೋ ಮನೆಯಲ್ಲಿ ಎರಡೂ ಆಗದಿದ್ದರೆ ಎರಡು ಅಡಿಗಿಂತ ಎತ್ತರ ಹೋಗಬೇಡಿ.

ಖರ್ಚು ಪ್ಲೈ, ಕಟಿಂಗ್, ಸ್ಕ್ರೂ, ಬೋಲ್ಟು, ಪೇಂಟು ಸೇರಿ 2,300 ರೂಪಾಯಿ. ಡ್ರಿಲ್ ಮೊದಲೇ ಇತ್ತು. ಎರಡು ವೀಕೆಂಡ್ ಹಿಡಿಯಿತು.

ಕೆಳಗಿನ ದೊಡ್ಡ ಖಾನೆಯನ್ನು ನಾನು ಅಮ್ಮನ ಬ್ಯಾಗು ನಿಲ್ಲೋ ಅಳತೆಗೇ ಮಾಡಿದ್ದೆ. ಬ್ಯಾಗು ಖಾಲಿ ಮಾಡಿ ಅಂತ ಹೇಳಬಾರದು, ಅದು ನೆಲದಿಂದ ಎದ್ದರೆ ಸಾಕು ಅಂತ ನನ್ನ ಆಸೆ. ಶೆಲ್ಫು ನಿಲ್ಲಿಸಿದ ದಿನ ಅಮ್ಮ ಬ್ಯಾಗನ್ನು ಅಲ್ಲಿ ಇಟ್ಟು, ಸರಿಯಾಗಿದೆ ಅಂದರು. ಅಷ್ಟೇ. ರಾತ್ರಿ ಕನ್ನಡಕ ಮತ್ತು ನೀರು 22 ಇಂಚಿನ ಖಾನೆಗೆ ಬಂದವು. ಎರಡು ದಿನ ಬಿಟ್ಟು ಮಾತ್ರೆ ಡಬ್ಬಿ, ಟಾರ್ಚು. ಮೂರನೇ ಖಾನೆಗೆ ಪುಟ್ಟಿ ತನ್ನ ಗೊಂಬೆ ತಂದಿಟ್ಟಳು, ಅಮ್ಮ ಅದನ್ನು ತೆಗೆದು ಕೆಳಗಿಟ್ಟರು. ‘ಅದು ಅಜ್ಜಿ ಜಾಗ. ನಿಂದು ಆ ಕಡೆ ಇದ್ಯಲ್ಲ’ ಅಂತ. ನಾನು ಅಡುಗೆಮನೆಯಿಂದ ಕೇಳಿಸಿಕೊಂಡೆ. ಆ ಖಾನೆಗೆ ಜಪಮಣಿ, ಹತ್ತಿ ಡಬ್ಬ, ಅಪ್ಪನ ಚಿಕ್ಕ ಫೋಟೋ ಬಂತು. ಸೀರೆಗಳು ಬೀರುವಿಗೆ ಯಾವಾಗ ಹೋದವು ನನಗೆ ಗೊತ್ತಿಲ್ಲ. ಹೋದ ವಾರ ನನ್ನ ಗಂಡ ಆಫೀಸ್ ಕೆಲಸಕ್ಕೆ ಹುಬ್ಬಳ್ಳಿಗೆ ಹೊರಟಾಗ ‘ಈ ಬ್ಯಾಗ್ ತಗೊಂಡ್ ಹೋಗಿ, ಸುಮ್ನೆ ಖಾಲಿ ಇದೆ’ ಅಂತ ಅಮ್ಮನೇ ನೀಲಿ ಬ್ಯಾಗು ಧೂಳು ಕೊಡವಿ ಕೊಟ್ಟರು.

ಮೊನ್ನೆ ಹೊರಗೆ ಜಡಿಮಳೆ. ಅಮ್ಮ ಹತ್ತಿ ಹೊಸೆಯುತ್ತಾ ಕೂತವರು ಬೀರುವಿನ ಆ ಪಕ್ಕದ ಮೂರು ಇಂಚು ತೋರಿಸಿದರು. ‘ಅಲ್ಲಿ ಒಂದು ಚಾಪೆ ನಿಲ್ಲಿಸೋ ಹಂಗೆ ಏನಾದ್ರೂ ಮಾಡ್ಕೊಡು. ಬೇಸಿಗೇಲಿ ನಂಗೆ ನೆಲದ ಮೇಲೇ ನಿದ್ದೆ ಬರೋದು.’ ಸುತ್ತಿದ ಚಾಪೆ ಅಳೆದೆ, ನಾಲ್ಕೂವರೆ ಇಂಚು. ಬೀರು ಒಂದೂವರೆ ಇಂಚು ಈ ಕಡೆ ಸರಿಯಬೇಕು, ಅದರ ಜೊತೆ ಶೆಲ್ಫು, ಶೆಲ್ಫಿನ ಜೊತೆ ಮಂಚ. ಓಡಾಡೋ ದಾರಿ ಹದಿನೇಳೂವರೆಗೆ ಇಳಿಯುತ್ತೆ, ಅದು ಬೇಡ. ಮಡಚೋ ಚಾಪೆ ಸಿಗುತ್ತಾ ನೋಡುತ್ತಿದ್ದೇನೆ.